ಎರಡು ಐದು, ಒಂದು ಹೆಸರು

ಎರಡು ಐದುಗಳನ್ನು ಸೇರಿಸಿ ಒಂದು ಮಾಡಿದವಳು ನಾನು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಹೇಳಬೇಕಾಗಿದ್ದ ದಿನ, ಹೇಳಬೇಕಾಗಿದ್ದ ಕೋಣೆಯಲ್ಲಿ, ಬಾಯಿ ಇದ್ದೂ ಹೇಳಲಿಲ್ಲ. ನನ್ನ ಬಾಯಿ ಸಣ್ಣದೇನಲ್ಲ. ಹೊಸೂರಿನ ನಮ್ಮ ಬೀದಿಯಲ್ಲಿ ಕೇಳಿದರೆ ಈಗಲೂ ಹೇಳುತ್ತಾರೆ, ಮೇಷ್ಟ್ರ ಎರಡನೇ ಮಗಳು ಜಗಳಕ್ಕೆ ನಿಂತರೆ ನಲ್ಲಿಯ ಮುಂದಿನ ಸಾಲೇ ಚದುರಿಹೋಗುತ್ತಿತ್ತು ಎಂದು.

ಎಂಬತ್ತರ ದಶಕದ ನಡುಭಾಗ. ಊರಾಚೆ ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಾರ್ಖಾನೆಯ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದವು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಂಥದೊಂದು ಶೆಡ್ಡಿಗೆ ಕೆಲಸಕ್ಕೆ ಸೇರಿದೆ. ಅಪ್ಪ ಕನ್ನಡ ಮೇಷ್ಟ್ರು. ಅಲ್ಲಿ ನಿನ್ನ ಕೆಲಸ ಏನು ಎಂದು ಕೇಳಿದರು. ಪೆಟ್ಟಿಗೆಗಳಿಗೆ ಬುದ್ಧಿ ಹೇಳೋದು ಎಂದೆ. "ಮನುಷ್ಯರಿಗೆ ಹೇಳಿ ನನಗಂತೂ ಸಾಕಾಗಿದೆ. ಪೆಟ್ಟಿಗೆಯಾದರೂ ಕೇಳಲಿ ಬಿಡು" ಎಂದರು.

ನಾವು ಮಾಡುತ್ತಿದ್ದ ಪೆಟ್ಟಿಗೆ ಹಾಲು ತಂಪು ಮಾಡುವ ತೊಟ್ಟಿಗಳನ್ನು ನಡೆಸುವಂಥದ್ದು. ಹಳ್ಳಿಗಳಿಂದ ಬಂದ ಹಾಲನ್ನು ದೊಡ್ಡ ಸ್ಟೀಲ್ ತೊಟ್ಟಿಗೆ ಸುರಿಯುತ್ತಾರೆ. ಹಾಲು ಬೆಚ್ಚಗಿದ್ದರೆ ಕಂಪ್ರೆಸರ್ ಓಡಬೇಕು, ತಣ್ಣಗಾದರೆ ನಿಲ್ಲಬೇಕು, ನಡುನಡುವೆ ಒಂದು ರೆಕ್ಕೆ ತಿರುಗಿ ಹಾಲನ್ನು ಕಲಕಬೇಕು. ಯಾವುದು ಯಾವಾಗ ಎಂಬುದನ್ನೆಲ್ಲ ಪೆಟ್ಟಿಗೆಯೊಳಗಿನ ಒಂದು ಚಿಪ್ ನೋಡಿಕೊಳ್ಳುತ್ತಿತ್ತು. ಬೆನ್ನಿನ ಮೇಲೆ ಗಾಜಿನ ಪುಟ್ಟ ಕಿಟಕಿ ಇರುವ ಚಿಪ್. ನಾವು ಕಂಪ್ಯೂಟರಿನಲ್ಲಿ ಬರೆದದ್ದನ್ನು ಅದರೊಳಗೆ ಇಳಿಸಿದರೆ, ಅದಕ್ಕೆ ಬರ್ನ್ ಮಾಡುವುದು ಎನ್ನುತ್ತಿದ್ದರು, ಅದು ಅಲ್ಲೇ ಉಳಿಯುತ್ತಿತ್ತು. ಆಮೇಲೆ ಕಿಟಕಿಗೆ ಬೆಳಕು ಬಿದ್ದು ಬರೆದದ್ದು ಅಳಿಸಿಹೋಗದಂತೆ ಒಂದು ಚೀಟಿ ಅಂಟಿಸಬೇಕು.

ಆ ಚೀಟಿಯ ಮೇಲೂ ಪಕ್ಕದ ರಿಜಿಸ್ಟರಿನಲ್ಲೂ ಬರ್ನ್ ಮಾಡಿದವನ ಸಹಿ ಇರಬೇಕು. ಇದು ನಮ್ಮ ಕಾರ್ಖಾನೆಯ ಪದ್ಧತಿ. ಒಳಗಿನದನ್ನು ಬರೆದವರ ಸಹಿ ಎಲ್ಲೂ ಇರುತ್ತಿರಲಿಲ್ಲ. ಬೆಸುಗೆ ಹಾಕಿದವನು ಸಹಿ ಹಾಕುತ್ತಾನೆ, ಬಣ್ಣ ಬಳಿದವನು ಸಹಿ ಹಾಕುತ್ತಾನೆ, ಹಾಗೆಯೇ ಇದೂ ಎಂದು ಯಾರೋ ಶುರು ಮಾಡಿದ್ದರು. ಕೈಯಿಂದ ಮಾಡಿದ್ದು ಮಾತ್ರ ಕೆಲಸ ಎಂದು ತಿಳಿದ ಜಾಗದಲ್ಲಿ ತಲೆಯಿಂದ ಮಾಡಿದ ತಪ್ಪಿಗೆ ಸಹಿ ಕೇಳುವವರು ಯಾರು?

ಸಹಿ ಹಾಕುತ್ತಿದ್ದವನು ಬಾಗಲೂರು ಕಡೆಯ ಒಬ್ಬ ಒಕ್ಕಲು ಮನೆಯವನು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಶೆಡ್ಡಿನಲ್ಲಿ ತಮಿಳು. ವೈರಿಂಗ್ ಮಾಡಲು ಬಂದವನು ನೋಡಿ ನೋಡಿಯೇ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದ. ನಾನು ಸೇರುವ ಮೊದಲು ಫೈಲುಗಳನ್ನೆಲ್ಲ ಬರೆದವನೂ ಅವನೇ. ಆದರೆ ಡಿಪ್ಲೊಮಾ ಇಲ್ಲ. ಹಾಗಾಗಿ ಆರು ವರ್ಷದಿಂದ ಟೆಂಪರರಿ. ನಾನು ಬಂದ ಮೇಲೆ ಫೈಲುಗಳು ನನ್ನ ಪಾಲಿಗೆ ಬಂದವು, ಬರ್ನ್ ಮಾಡುವುದು ಮಾತ್ರ ಅವನಿಗೆ ಉಳಿಯಿತು. ಅದಕ್ಕೆ ಅವನು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಂಜೆ ಹೊರಡುವಾಗ ತಪ್ಪದೆ ನನ್ನ ಮೇಜಿನ ಹತ್ತಿರ ಬಂದು "ಬತ್ತೀನಿ ಕಣಮ್ಮ" ಎಂದು ಹೇಳಿಯೇ ಹೋಗುತ್ತಿದ್ದ.

ಆರು ಬಗೆಯ ತೊಟ್ಟಿಗಳಿದ್ದವು. ಒಂದೊಂದಕ್ಕೂ ಮೂರು ಫೈಲು: ಕಂಪ್ರೆಸರಿನದು, ರೆಕ್ಕೆಯದು, ಅಲಾರಮಿನದು. ಅಂದರೆ ಹದಿನೆಂಟು ಫೈಲು. ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂಬ ಅಂಕಿಗಳನ್ನು ಅಣ್ಣ ಪ್ರತಿ ಫೈಲಿನಲ್ಲೂ ಮತ್ತೆ ಮತ್ತೆ ಬರೆದಿದ್ದ. ಒಂದು ಅಂಕಿ ಬದಲಾಗಬೇಕಾದರೆ ಫ್ಲಾಪಿ ಹಾಕಿ ತೆಗೆದು, ಹದಿನೆಂಟನ್ನೂ ತೆರೆದು ತಿದ್ದಬೇಕು. ಒಂದು ದಿನ ಪೂರ್ತಿ ಹೋಗುತ್ತಿತ್ತು. ಯಾವ ಅಂಕಿ ಎಲ್ಲಿದೆ, ಯಾಕಿದೆ ಎಂಬುದಕ್ಕೆ ಅವನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು.

ನನಗೆ ಸಿಟ್ಟು ಬರುತ್ತಿತ್ತು. ಇದೇನು ರಾಮಕೋಟಿ ಬರೆಯುವ ವ್ರತವೇ? ಎಲ್ಲ ಅಂಕಿಗಳನ್ನೂ ಒಂದೇ ಫೈಲಿನಲ್ಲಿ, ಒಂದೊಂದಕ್ಕೂ ಹೆಸರು ಕೊಟ್ಟು ಇಟ್ಟುಬಿಟ್ಟರೆ ಮಿಕ್ಕ ಫೈಲುಗಳು ಅಲ್ಲಿಂದ ಎತ್ತಿಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಹದಿನೆಂಟು ಕಡೆ ತಿದ್ದಿದ ಹಾಗೆ. ಎರಡು ವಾರ ಕೂತು ಮಾಡಿದೆ. ಮಾಡಿದ್ದು ಒಳ್ಳೆಯ ಕೆಲಸವೇ, ಅದನ್ನು ಈಗಲೂ ಹೇಳುತ್ತೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

ನಿಲ್ಲಿಸಲಿಲ್ಲ. ಆ ಹೆಸರುಗಳ ಪಟ್ಟಿ ಎಷ್ಟು ಚಿಕ್ಕದಾದರೆ ನಾನು ಅಷ್ಟು ಜಾಣೆ ಎನಿಸಿತು. ಕಂಪ್ರೆಸರ್ ಒಮ್ಮೆ ನಿಂತರೆ ಐದು ನಿಮಿಷ ಸುಮ್ಮನಿರಬೇಕು, ಕೂಡಲೇ ಎಬ್ಬಿಸಿದರೆ ಮೋಟರು ಸುಟ್ಟುಹೋಗುತ್ತದೆ. ಕರೆಂಟು ಹೋಗಿ ಬಂದರೂ ಅಷ್ಟೇ, ಬಂದ ಮೇಲೆ ಐದು ನಿಮಿಷ ಎಣಿಸಿಯೇ ಓಡಬೇಕು. ರೆಕ್ಕೆಯೂ ಒಮ್ಮೆ ಕಲಕಿದ ಮೇಲೆ ಐದು ನಿಮಿಷ ನಿಂತು ಮತ್ತೆ ತಿರುಗಬೇಕು. ಇದೂ ಐದು, ಅದೂ ಐದು. ಎರಡಕ್ಕೂ ಸೇರಿಸಿ ಒಂದೇ ಹೆಸರು ಕೊಟ್ಟು, ಎದುರಿಗೆ ಒಂದೇ ಐದು ಬರೆದೆ.

ಅಣ್ಣ ಅಚ್ಚಾದ ಹಾಳೆಯನ್ನು ಬೆರಳಿಟ್ಟು ಓದುತ್ತಾ ಬಂದವನು ಅಲ್ಲಿ ನಿಂತ. "ಇವೆರಡ್ನೂ ಸೇರ್ಸ್‌ಬುಟ್ರಾ?"

"ಎರಡೂ ಐದೇ ತಾನೆ ಅಣ್ಣ."

"ಐದೇನೋ ಐದೇ. ಆದ್ರೆ ಮೋಟರ್ ಐದು ಬ್ಯಾರೆ, ರೆಕ್ಕೆ ಐದು ಬ್ಯಾರೆ ಕಣಮ್ಮ. ನನ್ ಮಗಳ್ಗೂ ಐದು ವರ್ಸ, ನಮ್ಮನೆ ಎತ್ತಿಗೂ ಐದು ವರ್ಸ. ಇಬ್ರಿಗೂ ಒಂದೇ ಲೆಕ್ಕ ಇಕ್ಕಾಕಾಯ್ತದಾ?"

ನಾನು ನಕ್ಕೆ. ಬರೀ ನಕ್ಕದ್ದಲ್ಲ, ಪಕ್ಕದ ಮೇಜಿನವರಿಗೂ ಕೇಳುವ ಹಾಗೆ, "ಅಣ್ಣನ ಎತ್ತನ್ನೂ ಸ್ಕೂಲಿಗೆ ಸೇರಿಸಬೇಕಂತೆ ನೋಡಿ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕು ತಲೆ ಕೆರೆದುಕೊಂಡು ಹೋದ. ಆದರೆ ತನ್ನ ನೋಟ್‌ಬುಕ್ಕಿನಲ್ಲಿ ಅವನು ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಂಡ.

ಮ್ಯಾನೇಜರು ಸೇಲಂ ಕಡೆಯವರು. ನನ್ನ ಒಂದೇ ಫೈಲಿನ ಏರ್ಪಾಡು ಅವರಿಗೆ ಬಹಳ ಹಿಡಿಸಿತು. ಹೊರಗಿನಿಂದ ಯಾರು ಬಂದರೂ ಕರೆತಂದು ತೋರಿಸುತ್ತಿದ್ದರು. ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡುವ ಮಾತು ಎದ್ದಿತು. ಅಣ್ಣನನ್ನೂ ಕರೆದು, ರಾಯಕೋಟೆಯ ಹಾಲಿನ ಕೇಂದ್ರದಿಂದ ಒಂದು ದೂರು ಬಂದಿದೆ, ಆ ಕೆಲಸ ತಕರಾರಿಲ್ಲದೆ ಮುಗಿದರೆ ಈ ಸಲ ಪರ್ಮನೆಂಟ್ ಆರ್ಡರ್ ಕೈಗೆ ಬರುತ್ತದೆ ಎಂದರು. ಅವನು ಆ ದಿನ ನನಗೆ ಎರಡು ಬಾರಿ ಹೇಳಿದ. ಮಗಳನ್ನು ಹೊಸೂರಿನ ಶಾಲೆಗೆ ಸೇರಿಸಬೇಕು, ಕಾರ್ಖಾನೆಯ ಬಸ್ಸಿನಲ್ಲಿ ಜೊತೆಗೇ ಕರೆತರಬಹುದು, ಪರ್ಮನೆಂಟ್ ಆದವರ ಮಕ್ಕಳಿಗೆ ಮಾತ್ರ ಬಸ್ಸು ಎಂದ.

ರಾಯಕೋಟೆಯ ಹಾಲಿನ ಕೇಂದ್ರದವರ ದೂರು ಇಷ್ಟೇ: ರೆಕ್ಕೆ ಅತಿಯಾಗಿ ತಿರುಗಿ ಹಾಲಿನ ಮೇಲೆ ಬೆಣ್ಣೆ ಕಟ್ಟುತ್ತಿದೆ, ಒಮ್ಮೆ ಕಲಕಿದ ಮೇಲೆ ನಲವತ್ತು ನಿಮಿಷ ನಿಲ್ಲಲಿ. ನಾನು ಫೈಲು ತೆರೆದೆ, ಐದನ್ನು ಅಳಿಸಿದೆ, ನಲವತ್ತು ಬರೆದೆ. ಹಿಂದೆ ಒಂದು ದಿನ ಹಿಡಿಯುತ್ತಿದ್ದ ಕೆಲಸ ಕಾಫಿ ಆರುವ ಮೊದಲೇ ಮುಗಿಯಿತು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ಪರೀಕ್ಷೆ ಮಾಡುವ ಮೇಜಿನ ಮೇಲೆ ಒಂದು ಸ್ವಿಚ್ಚಿತ್ತು. ಅದನ್ನು ಹಾಕಿದರೆ ಪೆಟ್ಟಿಗೆ ಕಾಯುವುದನ್ನೆಲ್ಲ ಬಿಟ್ಟು ತಕ್ಷಣ ಓಡುತ್ತದೆ, ನಮ್ಮ ಸಮಯ ಉಳಿಯುತ್ತದೆ. ಅಣ್ಣನ ನಿಯಮ ಏನೆಂದರೆ, ಸ್ವಿಚ್ಚು ಹಾಕಿ ಎಷ್ಟು ಸಲ ಬೇಕಾದರೂ ನೋಡಿ, ಕೊನೆಗೆ ಒಂದು ಸಲ ಹಾಕದೆ ನೋಡಲೇಬೇಕು. ಅವತ್ತು ರಾಯಕೋಟೆಗೆ ಹೋಗುವ ವ್ಯಾನು ಗೇಟಿನಲ್ಲಿ ಹಾರನ್ ಹೊಡೆಯುತ್ತಿತ್ತು. ಅಣ್ಣ ಚಿಪ್ಪಿಗೆ ಚೀಟಿ ಅಂಟಿಸಿ, ಪೆನ್ನು ಹಿಡಿದು ಕೇಳಿದ. "ಸ್ವಿಚ್ ಹಾಕ್ದೆ ನೋಡಿದ್ರಾ? ಮೋಟರ್ದು?"

"ನೋಡಿದೆ" ಎಂದೆ.

ನೋಡಿರಲಿಲ್ಲ. ಅವನು ಸಹಿ ಹಾಕಿದ.

ಎರಡು ದಿನ ಕರೆಂಟು ನೆಟ್ಟಗಿತ್ತು, ತೊಟ್ಟಿ ಓಡಿತು. ಮೂರನೆಯ ದಿನ ಹಾಲು ಒಡೆದಿದೆ ಎಂದು ಫೋನು ಬಂತು. ನಾನೂ ಅಣ್ಣನೂ ಬೆಳಿಗ್ಗೆಯ ಬಸ್ಸು ಹಿಡಿದು ರಾಯಕೋಟೆಗೆ ಹೋದೆವು. ಬೇಸಗೆ ಬೇರೆ. ಕೇಂದ್ರದ ಹಿಂದಿನ ಚರಂಡಿಗೆ ಹಾಲು ಸುರಿದಿದ್ದರು, ನೊಣ ಮುತ್ತಿ ಹುಳಿ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಬಾಗಿಲಲ್ಲಿ ಹೆಂಗಸರು ಖಾಲಿ ಕ್ಯಾನು ಇಟ್ಟುಕೊಂಡು ಕೂತಿದ್ದರು. ಒಬ್ಬಳು ನನ್ನ ಸೀರೆ, ಕೈಗಡಿಯಾರ ನೋಡಿ, "ಮೂರ್ ಮೈಲಿ ತಲೆ ಮ್ಯಾಲ್ ಹೊತ್ಕೊಂಡ್ ಬಂದಿದ್ದು ಕಣವ್ವ. ಎಳೆ ಕೂಸಿಗೂ ಉಳಿಸ್ದೆ ತಂದ್ ಉಯ್ದಿದ್ದೆ" ಎಂದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಅಣ್ಣ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಕರೆಂಟು ಬಂತು. ಕಂಪ್ರೆಸರ್ ಏಳಲಿಲ್ಲ. ಅವನು ಗಡಿಯಾರ ನೋಡುತ್ತಲೇ ಇದ್ದ. ಅರ್ಧ ಗಂಟೆಗೆ ಕರೆಂಟು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನಮ್ಮ ಕಾರ್ಖಾನೆಯಲ್ಲಿ ಜನರೇಟರಿತ್ತು, ಕರೆಂಟು ಹೋದದ್ದೇ ನಮಗೆ ಗೊತ್ತಾಗುತ್ತಿರಲಿಲ್ಲ. ರಾಯಕೋಟೆಯಲ್ಲಿ ಅದು ಬಂದು ಹೆಚ್ಚು ಹೊತ್ತು ಉಳಿಯುವುದೇ ಅಪರೂಪ. ಕಂಪ್ರೆಸರ್ ಐದು ನಿಮಿಷದ ಬದಲು ನಲವತ್ತು ನಿಮಿಷ ಕಾಯುತ್ತಿತ್ತು. ಅದು ನಲವತ್ತು ಎಣಿಸಿ ಮುಗಿಸುವ ಮೊದಲೇ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಪಾಪದ ಪೆಟ್ಟಿಗೆ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು.

ಅಣ್ಣ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಅದರಲ್ಲಿ ಹಳೆಯ ಚಿಪ್ ಇತ್ತು, ನಾನು ಬರುವ ಮೊದಲು ಅವನು ಬರೆದದ್ದು. ಅದನ್ನು ಹಾಕಿದ. ಕರೆಂಟು ಬಂದ ಐದನೇ ನಿಮಿಷಕ್ಕೆ ಕಂಪ್ರೆಸರ್ ಗುರ್ರೆಂದು ಎದ್ದಿತು. "ಬೆಣ್ಣೆ ಕಟ್ಟಿದ್ರೆ ಕಟ್ಲಿ, ಹಾಲುಳೀತದೆ" ಎಂದು ಕೇಂದ್ರದವರಿಗೆ ಹೇಳಿ, ಕೈ ಒರೆಸಿಕೊಂಡ.

ವಾಪಸು ಬಸ್ಸಿನಲ್ಲಿ ಅವನೇ ಹೇಳಿದ. "ಆ ಐದೇ ಇರ್ಬೇಕು ಕಣಮ್ಮ. ಸೇರ್ಸಿದ್ರಲ್ಲ, ಅದು. ನೀವೇ ಫೈಲ್ ನೋಡಿ, ನೀವೇ ಸಾಹೇಬ್ರಿಗೆ ಹೇಳಿ. ನಾನ್ ಹೇಳಿದ್ರೆ ಚಾಡಿ ಹೇಳ್ದಂಗಾಯ್ತದೆ."

"ನೋಡಿ ಹೇಳ್ತೀನಿ ಅಣ್ಣ" ಎಂದೆ.

ಮಾರನೆಯ ದಿನ ಬೆಳಿಗ್ಗೆ ಬೇಗ ಹೋಗಿ ನೋಡಿದೆ. ನೋಡುವುದಕ್ಕೆ ಏನಿತ್ತು, ಗೊತ್ತಿದ್ದದ್ದೇ. ಪರದೆಯ ಮೇಲೆ ಒಂದೇ ಹೆಸರು, ಒಂದೇ ನಲವತ್ತು.

ಹತ್ತು ಗಂಟೆಗೆ ಮ್ಯಾನೇಜರು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ರಿಜಿಸ್ಟರು ಬಿಚ್ಚಿಟ್ಟಿದ್ದರು. ಅಣ್ಣ ಬಾಗಿಲ ಹತ್ತಿರ ನಿಂತಿದ್ದ, ನನಗೆ ಕುರ್ಚಿ ಕೊಟ್ಟಿದ್ದರು. "ಇದು ಯಾರ್ ಸೈನ್?" ಎಂದರು. "ನಂದೇ ಸಾರ್" ಎಂದ ಅಣ್ಣ. "ಬರ್ನ್ ಮಾಡೋವಾಗ ಏನು ತಪ್ಪು ಮಾಡಿದೆ?" ಎಂದು ತಮಿಳಿನಲ್ಲಿ ಕೇಳಿದರು. "ಫೈಲಲ್ಲಿ ಇದ್ದದ್ದನ್ನ ಇದ್ದಂಗೇ ಇಳಿಸಿದ್ದೀನಿ ಸಾರ್" ಎಂದು ಹೇಳಿ ಅವನು ನನ್ನ ಕಡೆ ನೋಡಿದ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ನೀನು ಫೈಲು ನೋಡಿದೆಯಾ?"

"ನೋಡಿದೆ ಸಾರ್. ಫೈಲಿನಲ್ಲಿ ತಪ್ಪಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಜ್ವರ ಬಂದ ಎತ್ತೇ ಕುರ್ಚಿಯಲ್ಲಿ ಕೂತು ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿ ಕೊಟ್ಟಿತು. ತಪ್ಪಿಲ್ಲ ಎಂದ ಆ ಮಾತಿಗೆ ಆಮೇಲೆ ಎಷ್ಟೋ ನೆಪ ಹುಡುಕಿದ್ದೇನೆ. ಆ ವಿಭಾಗಕ್ಕೆ ಹೆಂಗಸೊಬ್ಬಳನ್ನು ತೆಗೆದುಕೊಂಡದ್ದೇ ಮೊದಲು, ತಪ್ಪಾಯಿತು ಎಂದರೆ ಮುಂದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದುಕೊಂಡೆ. ಕಂಪ್ಯೂಟರು ಯಾವ ತಪ್ಪನ್ನೂ ತೋರಿಸಲಿಲ್ಲ, ಆದ್ದರಿಂದ ನಾನು ಹೇಳಿದ್ದು ಸುಳ್ಳೇನಲ್ಲ ಎಂದೂ ಅಂದುಕೊಂಡೆ. ಎಲ್ಲ ಬೊಗಳೆ. ಕುರ್ಚಿ ಹೋಗುತ್ತದೆ ಎಂದು ಹೆದರಿದೆ, ಅಷ್ಟೇ.

ಅಣ್ಣ ವಾದ ಮಾಡಲಿಲ್ಲ. ಹಳೆಯ ಚಿಪ್ ಹಾಕಿದಾಗ ಸರಿಹೋಯಿತು ಎಂದಷ್ಟೇ ಹೇಳಿದ. ಅದನ್ನು ಬರ್ನ್ ಮಾಡುವಾಗ ಗಮನವಿತ್ತು, ಇದಕ್ಕೆ ಇರಲಿಲ್ಲ ಎಂದು ಮ್ಯಾನೇಜರು ಅಲ್ಲಿಗೇ ಮುಗಿಸಿದರು. ಪರ್ಮನೆಂಟ್ ಆರ್ಡರ್ ಬರಲಿಲ್ಲ. ತಿಂಗಳ ಕೊನೆಗೆ ಟೆಂಪರರಿಯೂ ಮುಗಿಯಿತು ಎಂದು ಕಾಗದ ಕೊಟ್ಟರು.

ಕೊನೆಯ ಸಂಜೆ ಅವನು ಎಂದಿನ ಹಾಗೆ ನನ್ನ ಮೇಜಿಗೆ ಬಂದ. ನೋಟ್‌ಬುಕ್ಕನ್ನು ಇಟ್ಟು, "ನಿಮ್ಗೆ ಬೇಕಾಯ್ತದೆ, ಇಕ್ಕೊಳಿ" ಎಂದ. ಆಮೇಲೆ "ಬತ್ತೀನಿ ಕಣಮ್ಮ" ಎಂದ. ಇನ್ನು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು "ಹೂಂ ಅಣ್ಣ" ಎಂದೆ.

ಅವನು ಹೋದ ಮೇಲೆ ಪುಟ ತಿರುವಿದೆ. ಒಂದೊಂದು ಅಂಕಿಯ ಪಕ್ಕದಲ್ಲೂ ಅದು ಯಾಕೆ ಎಂದು ಅವನ ಕೋಳಿಕಾಲು ಅಕ್ಷರದಲ್ಲಿ ಬರೆದಿತ್ತು. ಕಂಪ್ರೆಸರ್ 5, ಮೋಟರ್ ಉಳಿಯಬೇಕು. ರೆಕ್ಕೆ 5, ಹಾಲು ಹೊಂದಿಕೊಳ್ಳಬೇಕು. ಅಂಕಿ ಒಂದೇ ಆದರೂ ಕಾರಣ ಬೇರೆ ಇದ್ದರೆ ಸೇರಿಸಬಾರದು ಎಂಬುದನ್ನು ನನಗೆ ಯಾವ ಡಿಪ್ಲೊಮಾವೂ ಕಲಿಸಿರಲಿಲ್ಲ. ಮುಂದಿನ ವಾರವೇ, ಕೋಣೆಯಲ್ಲಿ ಯಾರೂ ಇಲ್ಲದಾಗ, ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಬೇರೆ ಮಾಡಿದೆ. ಯಾರೂ ಕೇಳಲಿಲ್ಲ. ಹೊಸದಾಗಿ ಬಂದವನು ಬರ್ನ್ ಮಾಡಿ ಸಹಿ ಹಾಕಿದ. ರಾಯಕೋಟೆಯಲ್ಲಿ ಬೆಣ್ಣೆಯೂ ಕಟ್ಟಲಿಲ್ಲ, ಹಾಲೂ ಕೆಡಲಿಲ್ಲ. ಎರಡು ತಿಂಗಳಿಗೆ ನಾನು ವಿಭಾಗದ ಮುಖ್ಯಸ್ಥೆಯಾದೆ. ಅಪ್ಪ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ನಾಲ್ಕು ವರ್ಷವಾಯಿತು. ಒಂದು ಭಾನುವಾರ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಬಾಗಲೂರು ಬಸ್ಸಿನ ಹತ್ತಿರ ಅವನು ನಿಂತಿದ್ದ. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು. ತಪ್ಪಿಸಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ಅವನೇ ನೋಡಿ ನಕ್ಕ. ನಿಜವಾದ ನಗು. ಮಗಳಿಗೆ, "ನಾನ್ ಹೇಳ್ತಿರ್ಲಿಲ್ವಾ, ಕಂಪ್ಯೂಟರ್ ಅಮ್ಮ, ಇವ್ರೇ ಕಣ್ ಮಗಾ. ಬಲೇ ಬುದ್ವಂತ್ರು" ಎಂದ. ಅವಳು ನಾಚಿ ಅಪ್ಪನ ಹಿಂದೆ ಸರಿದಳು. ಊರಲ್ಲೇ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದೇನೆ, ತೊಂದರೆಯಿಲ್ಲ ಎಂದ. ಮಗಳು ಊರಿನ ಶಾಲೆಗೇ ಹೋಗುತ್ತಾಳೆ ಎಂದ. ನನ್ನ ಮೇಲೆ ಅವನಿಗೆ ಸಿಟ್ಟೇ ಇರಲಿಲ್ಲ. ಯಾಕಿಲ್ಲ ಎಂದು ನನಗೆ ತಿಳಿಯಲಿಲ್ಲ. ಆ ನಗುವನ್ನು ಸಹಿಸಲಾಗದೆ, ಏನಾದರೂ ಒಳ್ಳೆಯದು ಹೇಳಬೇಕು ಎಂದು ಹೇಳಿದೆ.

"ಅಣ್ಣ, ನೀವು ಹೇಳಿದ್ದೇ ಸರಿ. ಆ ಎರಡು ಐದನ್ನ ಬೇರೆ ಮಾಡಿಬಿಟ್ಟೆ."

"ಹೌದಾ?" ಅವನ ಮುಖ ಅರಳಿತು. "ಯಾವಾಗ ಗೊತ್ತಾಯ್ತು?"

"ನೀವು ಹೋದ ಮುಂದಿನ ವಾರವೇ ಮಾಡಿದೆ."

ಬಾಯಿಂದ ಬಿದ್ದಮೇಲೆ ಏನು ಹೇಳಿದೆ ಎಂದು ನನಗೇ ತಿಳಿಯಿತು. ಅವನು ಮಗಳ ಜಡೆಯತ್ತ ಕಣ್ಣು ತಿರುಗಿಸಿದ.

"ಮುಂದ್ಲ ವಾರಾನೇ," ಎಂದ. "ನಾನು ಇಷ್ಟ್ ದಿನ ಏನ್ ಅನ್ಕೊಂಡಿದ್ದೆ ಅಂದ್ರೆ, ಪಾಪ, ಆವಮ್ಮ ಫೈಲ್ ನೋಡವ್ರೆ, ಅವ್ರಿಗೆ ತಪ್ಪು ಕಂಡಿಲ್ಲ, ಕಂಡಿದ್ರೆ ಹೇಳ್ತಿದ್ರು ಅಂತ. ನಮ್ಮನೇವ್ಳಿಗೂ ಅಂಗೇ ಹೇಳಿದ್ದೆ."

ಕಂಡಕ್ಟರು ಸೀಟಿ ಊದಿದ. ಅವನು ಮಗಳ ಕೈ ಹಿಡಿದು ಮೊದಲು ಅವಳನ್ನು ಹತ್ತಿಸಿದ, ತಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

ನಮ್ಮ ಕಡೆ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಸಾವಿನ ಮನೆಯಲ್ಲಿ ಬಿಟ್ಟರೆ ಎಲ್ಲ ಕಡೆಯೂ ಬರುತ್ತೇನೆ ಎಂದೇ ಹೇಳುತ್ತೇವೆ. ಕೆಲಸ ಕಳೆದುಕೊಂಡ ಸಂಜೆಯೂ ಅವನು ಬತ್ತೀನಿ ಎಂದೇ ಹೋಗಿದ್ದ.

"ಹೋಗ್ತೀವಿ" ಎಂದು ಹೇಳಿ ಒಳಗೆ ಹೋದ.